ಇವರು ಬಂದ ಕಥೆ

ನನ್ನ ಗಂಡ ಸಭೆಯಲ್ಲಿ ಮಾತಿಗೆ ನಿಂತರೆ ಮೊದಲ ಹತ್ತು ನಿಮಿಷ ತಾನು ಇಸ್ಲಾಮಿಗೆ ಹೇಗೆ ಬಂದೆ ಎಂಬುದನ್ನೇ ಹೇಳುತ್ತಾರೆ. ಪರದೆಯ ಈಚೆ ಹೆಂಗಸರ ಸಾಲಿನಲ್ಲಿ ಕೂತು ನಾನದನ್ನು ವರ್ಷಗಳಿಂದ ಕೇಳುತ್ತಿದ್ದೇನೆ. ಆ ಹತ್ತು ನಿಮಿಷದಲ್ಲಿ ಬೆಟ್ಟ ಬರುತ್ತದೆ, ಹಿನ್ನೀರು ಬರುತ್ತದೆ, ಯಾರೋ ಒಬ್ಬ ಮುದುಕ ಬರುತ್ತಾನೆ. ನಾನು ಮಾತ್ರ ಬರುವುದಿಲ್ಲ.

ಇಷ್ಟಕ್ಕೆಲ್ಲ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರಾ ಎಂದು ನೀವು ಕೇಳಬಹುದು. ನಾನು ಪಡುತ್ತೇನೆ. ಯಾಕೆಂದರೆ ಇವರು ಬಂದದ್ದು ನನಗಾಗಿ. ಎರಡೂ ಮನೆಯವರನ್ನು ಬಿಟ್ಟರೆ ಅದನ್ನು ಬಲ್ಲವರು ನಾವಿಬ್ಬರೇ, ಮತ್ತು ಒಬ್ಬರು ಅದನ್ನು ಹೇಳುತ್ತಿರಲಿಲ್ಲ.

ತೀರ್ಥಹಳ್ಳಿಯಲ್ಲಿ ತಾಲ್ಲೂಕು ಕಚೇರಿಯ ಎದುರು ನನ್ನ ಸೋದರಮಾವನ ಜೆರಾಕ್ಸ್ ಅಂಗಡಿ ಇತ್ತು. ಪಿಯುಸಿ ಮುಗಿಸಿದ ಮೇಲೆ ನಾನು ಅಲ್ಲಿ ಅರ್ಜಿ ಟೈಪ್ ಮಾಡಿಕೊಂಡು ಕೂತಿದ್ದೆ. ಇವರದು ಕವಲೇದುರ್ಗದ ಕೆಳಗಿನ ರೈತರ ಮನೆ. ಅಜ್ಜನ ಕಾಲದಲ್ಲಿ ಗೇಣಿಗೆ ಮಾಡುತ್ತಿದ್ದ ಗದ್ದೆ ಅಪ್ಪನ ಕಾಲಕ್ಕೆ ಸ್ವಂತದ್ದಾಗಿತ್ತು, ಆದರೆ ಕಾಗದಪತ್ರ ಇನ್ನೂ ನೆಟ್ಟಗಾಗಿರಲಿಲ್ಲ. ಅದಕ್ಕೆಂದು ಇವರು ಒಂದು ಪಹಣಿ ಹಿಡಿದುಕೊಂಡು ಬಂದರು. ಮರುವಾರ ಅದೇ ಪಹಣಿ ಹಿಡಿದು ಮತ್ತೆ ಬಂದರು. ಹೀಗೆ ಒಂದೇ ಪಹಣಿಯನ್ನು ಒಂಬತ್ತು ಸಲ ಜೆರಾಕ್ಸ್ ಮಾಡಿಸಿದರು. ಒಂಬತ್ತನೇ ಸಲ ನನಗೆ ತಡೆಯಲಿಲ್ಲ.

"ಎಂಥ ಮಾರಾಯ್ರೆ, ಇದ್ನೆಲ್ಲಾ ತಗೊಂಡ್ಹೋಗಿ ಮನೆ ಮಾಡಿಗೆ ಹೊದಿಸ್ತೀರಾ?" ಎಂದೆ.

"ಹಾಳೆ ಖಾಲಿ ಆದ್ರೆ ಹೇಳಿ, ನಾನೇ ತಂದ್ಕೊಡ್ತೀನಿ" ಎಂದರು.

ಅಂಗಡಿಯಲ್ಲಿ ಸಾಲುಗಟ್ಟಿ ನಿಂತಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ, ಆದರೆ ಅವತ್ತು ಮೂರು ಅರ್ಜಿಯಲ್ಲಿ ತಪ್ಪು ಟೈಪ್ ಮಾಡಿದೆ.

ಮುಂದಿನದೆಲ್ಲ ಸುಲಭವಾಗಿರಲಿಲ್ಲ, ಅದನ್ನು ವಿವರಿಸುವುದೂ ನನಗೆ ಬೇಡ. ಇವರಾಗಿ ಬಂದು ನನ್ನ ಅಪ್ಪನ ಹತ್ತಿರ ಕೇಳಿದರು. ಅಪ್ಪ, "ಇದು ಒಂದು ದಿನದ ಮಾತಲ್ಲಪ್ಪ, ಯೋಚ್ನೆ ಮಾಡಿ ಬಾ" ಎಂದು ಕಳಿಸಿದರು. ಇಡೀ ಮಳೆಗಾಲ ಯೋಚನೆ ಮಾಡಿ, ನಾಟಿ ಮುಗಿಸಿ, ಬಂದೇ ಬಂದರು. ಧರ್ಮ ಬದಲಿಸಿ ನನ್ನನ್ನು ಮದುವೆಯಾದರು. ಇವರ ಮನೆಯವರು ನಾಲ್ಕು ವರ್ಷ ಮಾತು ಬಿಟ್ಟರು. ನಾವು ಸಾಗರಕ್ಕೆ ಬಂದು ಬಾಡಿಗೆ ಮನೆ ಹಿಡಿದೆವು, ಇವರು ಪಂಪ್‌ಸೆಟ್ ರಿಪೇರಿಯ ಅಂಗಡಿ ಹಾಕಿದರು. ನಮಾಜ್ ಕಲಿಸಿದವಳು ನಾನು. ಎಷ್ಟು ಸಲ ಬಗ್ಗಬೇಕು, ಯಾವಾಗ ಏಳಬೇಕು ಎಂದು ತಿಳಿಯದೆ ಕಣ್ಣಂಚಿನಲ್ಲೇ ನನ್ನನ್ನು ನೋಡಿಕೊಂಡು ಮಾಡುತ್ತಿದ್ದರು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಆ ದಿನಗಳೇ ಚೆನ್ನಾಗಿದ್ದವು. ಇವರ ಧರ್ಮಕ್ಕೆ ಆಗ ಇದ್ದ ಗುರು ನಾನೊಬ್ಬಳೇ.

ಮೂರ್ನಾಲ್ಕು ವರ್ಷದಲ್ಲಿ ಇವರು ಓದಿಯೇ ಓದಿದರು. ಕನ್ನಡದಲ್ಲಿ ಸಿಕ್ಕಿದ್ದನ್ನೆಲ್ಲ ಓದಿ, ಮಸೀದಿಯ ಗುರುಗಳ ಹತ್ತಿರ ಕೂತು ಕಲಿತು, ನನ್ನನ್ನು ದಾಟಿಕೊಂಡು ಹೋಗಿಬಿಟ್ಟರು. ಒಂದು ದಿನ ಕಾರ್ಯಕ್ರಮಕ್ಕೆ ಬರಬೇಕಿದ್ದ ಮೌಲಾನಾ ಬಸ್ಸು ಕೆಟ್ಟು ತಡವಾದಾಗ ಯಾರೋ ಇವರನ್ನು, ಅವರು ಬರುವವರೆಗೆ ಕನ್ನಡದಲ್ಲಿ ನಾಲ್ಕು ಮಾತಾಡಿ ಎಂದು ಎಬ್ಬಿಸಿದರು. ನಮ್ಮ ಕಡೆ ಮನೆಯಲ್ಲಿ ಉರ್ದು ಆಡುವವರಿದ್ದಾರೆ, ಬ್ಯಾರಿ ಭಾಷೆ ಆಡುವವರಿದ್ದಾರೆ. ಭಾಷಣದ ದೊಡ್ಡ ಉರ್ದು ಅರ್ಧ ಜನಕ್ಕೆ ತಲೆಯ ಮೇಲೆ ಹೋಗುತ್ತದೆ, ಎಲ್ಲರೂ ಆಗಾಗ ತಲೆದೂಗಿ ಮನೆಗೆ ಬರುತ್ತಾರೆ. ಇವರು ಎದ್ದು ನಿಂತು ಕೋಪವನ್ನು ಗದ್ದೆಯ ಕಳೆಗೆ ಹೋಲಿಸಿದರು. ಮೇಲೆ ಮೇಲೆ ಕಿತ್ತರೆ ಹದಿನೈದು ದಿನಕ್ಕೆ ಮತ್ತೆ ಬರುತ್ತದೆ, ಕೆಸರಿಗೆ ಕೈ ಹಾಕಿ ಬೇರು ಹಿಡಿಯಬೇಕು ಎಂದರು. ಪರದೆಯ ಈಚೆ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವತ್ತಿನಿಂದ ಇವರು 'ಕನ್ನಡ ಹಜ್ರತ್' ಆದರು.

ಇವರ ಮಾತಿನಿಂದ ಏನೂ ಆಗಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಹೊಸನಗರದಲ್ಲಿ ಹದಿನಾಲ್ಕು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಇವರ ಮಾತು ಕೇಳಿ ಎದ್ದು ಹೋಗಿ ಒಂದೇ ತಟ್ಟೆಯಲ್ಲಿ ಉಂಡರು. ಕುಡಿತ ಬಿಟ್ಟವರಿದ್ದಾರೆ. ಮೇಳಿಗೆ ಕಡೆಯ ಹಿಂದೂ ಮನೆಯವರೊಬ್ಬರು ತಂದೆಯ ಆಸ್ತಿ ಪಾಲಿನ ದಿನ ಇವರನ್ನೇ ಕರೆದು ಕೂರಿಸಿಕೊಂಡರು. ಪಕ್ಕದ ಮನೆಯಾಕೆ ದೋಸೆ ಹೊಯ್ಯುವಾಗ ಮೊಬೈಲಿನಲ್ಲಿ ಇವರ ಬಯಾನ್, ಅಂದರೆ ಪ್ರವಚನ, ಹಚ್ಚಿಡುತ್ತಾಳೆ. ಅಡುಗೆಮನೆಯ ಕಿಟಕಿಯಿಂದ ನನ್ನ ಗಂಡನ ಧ್ವನಿ ನನಗೆ ಕೇಳುತ್ತದೆ, ಎಷ್ಟು ಮೃದುವಾಗಿ, ಎಷ್ಟು ಸಾವಧಾನವಾಗಿ! ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿ ಎನ್ನಲೂ ಬಾಯಿ ಬಿಡದ ಮನುಷ್ಯ. ನನಗೆ ಮೈಯೆಲ್ಲ ಉರಿಯುತ್ತದೆ.

"ಪುಣ್ಯ ಮಾಡಿದ್ರಿ ನೀವು, ದಿನಾ ಇಂಥಾ ಮಾತು ಕೇಳ್ತಾ ಇರ್ತೀರಿ" ಎನ್ನುತ್ತಾಳೆ ಆಕೆ. ನಾನು ಹೌದೆನ್ನುತ್ತೇನೆ. ಇನ್ನೇನು ಹೇಳಲಿ?

ಇದೆಲ್ಲವನ್ನೂ ಸಹಿಸಿಕೊಂಡೇನು. ಸಹಿಸಲಾಗದಿದ್ದದ್ದು ಆ ಹತ್ತು ನಿಮಿಷ. ಸಾಗರದಲ್ಲಿ ಹೇಳುವಾಗ ಇವರು ಹೊನ್ನೆಮರಡಿನ ಹಿನ್ನೀರ ದಡದಲ್ಲಿ ಒಬ್ಬರೇ ಕೂತಿರುತ್ತಾರೆ, ನೀರಿನ ಮೇಲಿಂದ ಮಸೀದಿಯ ಬಾಂಗ್ ತೇಲಿ ಬರುತ್ತದೆ, ಎದೆ ನಡುಗುತ್ತದೆ. ಹೊಸನಗರದಲ್ಲಿ ಹೇಳುವಾಗ ಆಸ್ಪತ್ರೆಯ ವರಾಂಡದಲ್ಲಿ ಒಬ್ಬ ಮುದುಕ ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟು, ಜಾತಿ ಕೇಳದೆ, ಹೆಸರೂ ಕೇಳದೆ ಎದ್ದು ಹೋಗುತ್ತಾನೆ. ತೀರ್ಥಹಳ್ಳಿಯಲ್ಲಿ ಹೇಳುವಾಗ ಕವಲೇದುರ್ಗದ ಕೋಟೆ ಹತ್ತಿ, ಕಟ್ಟಿಸಿದ ರಾಜರೆಲ್ಲ ಹೋದರು, ಉಳಿದವನು ಯಾರು ಎಂದು ಯೋಚಿಸುತ್ತಾರೆ. ಯಾವುದೂ ಸುಳ್ಳಲ್ಲ ಎಂದು ನನಗೆ ಗೊತ್ತು. ಕೋಟೆ ಇವರ ಮನೆಯ ಹಿತ್ತಿಲಿನ ಹಾಗಿತ್ತು, ದಿನಕ್ಕೆರಡು ಸಲ ಹತ್ತುತ್ತಿದ್ದರು. ಆ ಮುದುಕನೂ ಇದ್ದನಂತೆ. ಆದರೆ ಬಾಂಗ್ ಕೂಗಿದಾಗ ಇವರ ಎದೆ ಎಷ್ಟು ನಡುಗುತ್ತಿತ್ತು ಎಂಬುದನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ಜೆರಾಕ್ಸ್ ಅಂಗಡಿಯ ಹಿಂದೆಯೇ ಮಸೀದಿ. ಬಾಂಗ್ ಕೇಳಿದ ತಕ್ಷಣ ಇವರು ಕೇಳುತ್ತಿದ್ದುದು, "ಅಂಗಡಿ ಎಷ್ಟೊತ್ತಿಗೆ ಮುಚ್ತೀರಿ?" ಎಂದು.

ಈಗೀಗ ಅತ್ತೆ ವರ್ಷಕ್ಕೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಾರೆ. ಇವರು ತಾಯಿಯ ಜೊತೆಗೂ ಕೂತು ಮಾತಾಡುವುದಿಲ್ಲ, ಫೋನು ಬಿಡುವುದಿಲ್ಲ. ಹೋದ ಸಲ ಅತ್ತೆ ನನ್ನ ಮುಖ ನೋಡಿ, "ನಿನ್ ಮಾತ್ ಕೇಳ್ಕಂಡ್ ನನ್ನ ಬಿಟ್ಟ. ಈಗ ನಿನ್ ಮಾತೂ ಕೇಳದಿಲ್ಲ ಅಲ್ದಾ?" ಎಂದು ನಕ್ಕುಬಿಟ್ಟರು. ಆ ನಗುವಿನಲ್ಲಿ ಸ್ವಲ್ಪ ಸಮಾಧಾನವೂ ಇತ್ತು. ನನಗೆ ಸಿಟ್ಟು ಬರಲಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ನಗುತ್ತಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ಹುಡುಗಿಯೊಬ್ಬಳು ಮನೆಗೆ ಬಂದಳು. ಕಾಲೇಜು ಮುಗಿಸಿ ಎಲ್ಲೋ ಕೆಲಸಕ್ಕೆ ಸೇರಿದ್ದವಳು, ನಮ್ಮವರ ಪೈಕಿ. ಬೇರೆ ಧರ್ಮದ ಹುಡುಗನೊಬ್ಬ ತನ್ನನ್ನು ಮೆಚ್ಚಿದ್ದಾನೆ, ತನಗಾಗಿ ಧರ್ಮ ಬದಲಿಸಲು ತಯಾರಿದ್ದಾನೆ, ಏನು ಮಾಡಲಿ ಎಂದು ಇವರನ್ನು ಕೇಳಲು ಬಂದಿದ್ದಳು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಇವರು ಹೇಳಿದರು, "ಬೇಡ ತಂಗಿ. ಹುಡುಗಿಗೋಸ್ಕರ ಬಂದವ್ನು ನಿಲ್ಲಲ್ಲ."

ಕೈಯಲ್ಲಿದ್ದ ಪಾತ್ರೆ ಬಗ್ಗಿಯೇ ಇತ್ತು, ಚಹಾ ಲೋಟ ತುಂಬಿ ಕಟ್ಟೆಯ ಮೇಲೆ ಹರಿಯಿತು. ಆ ಹುಡುಗಿ ಅಳುತ್ತಾ ಹೋದಳು. ಅವಳನ್ನು ಗೇಟಿನವರೆಗೆ ಬಿಟ್ಟು ಬಂದು ನಾನು ಇವರ ಎದುರು ನಿಂತೆ.

"ಹಂಗಾದ್ರೆ ನೀವು?"

ಇವರು ತಲೆ ಎತ್ತಲಿಲ್ಲ. ಬಿಚ್ಚಿಟ್ಟಿದ್ದ ಮೋಟಾರಿನ ತಾಮ್ರದ ತಂತಿಯನ್ನು ಸುತ್ತುತ್ತಲೇ ಇದ್ದರು. ಆಮೇಲೆ ಹೇಳಿದರು, "ಬಂದಿದ್ದು ನಿನಗೋಸ್ಕರನೇ. ನಿಂತಿದ್ದು ನಿನಗೋಸ್ಕರ ಅಲ್ಲ."

ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಅದು, ಸಿಕ್ಕಿದ್ದು ಹೀಗೆ. ಇನ್ನೊಬ್ಬ ಹೆಂಗಸಾಗಿದ್ದರೆ ಹೋಗಿ ಜುಟ್ಟು ಹಿಡಿಯಬಹುದಿತ್ತು. ಇವರು ಯಾರಿಗಾಗಿ ನಿಂತರೋ ಅವನ ಮುಂದೆ ದಿನಕ್ಕೆ ಐದು ಸಲ ನಾನೂ ಹಣೆ ಊರುತ್ತೇನೆ. ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಕ್ಷಮೆಯನ್ನೂ ಅವನ ಹತ್ತಿರವೇ ಕೇಳಬೇಕು. ಕೇಳಿದೆ. ಕೇಳಿ ಎದ್ದ ಮೇಲೂ ಹೊಟ್ಟೆಕಿಚ್ಚು ಹೋಗಿರಲಿಲ್ಲ.

ಎರಡು ದಿನ ಬಿಟ್ಟು, "ಪೂರ್ತಿ ಬ್ಯಾಡ, ಬಂದಿದ್ದನ್ನಾದ್ರೂ ಹೇಳಿ. ಅಷ್ಟು ನಂದು" ಎಂದೆ.

"ಈಗಿನ ಕಾಲ್ದಲ್ಲಿ ಸ್ಟೇಜಿನ ಮೇಲೆ ಅದನ್ನ ಹೇಳಿದ್ರೆ ಜನ ಏನೇನೋ ಅರ್ಥ ಮಾಡ್ಕೋತಾರೆ. ನಿನ್ನ ಹೆಸರು ಬೀದಿಗೆ ಬರುತ್ತೆ."

"ಬರ್ಲಿ. ಇಷ್ಟು ದಿನ ಎಲ್ಲೂ ಬಂದಿಲ್ಲ."

ಅದಾಗಿ ತಿಂಗಳಿಗೆ ತೀರ್ಥಹಳ್ಳಿಯಲ್ಲಿ ಒಂದು ಭಾನುವಾರ ಮಧ್ಯಾಹ್ನದ ಕಾರ್ಯಕ್ರಮ. ಎಂದಿನಂತೆ ಕೋಟೆಯಿಂದ ಶುರು ಮಾಡಿದ ಇವರು ನಡುವೆ ನಿಲ್ಲಿಸಿದರು. ಇದೇ ಊರಿನಲ್ಲಿ, ತಾಲ್ಲೂಕು ಕಚೇರಿಯ ಎದುರು ಒಂದು ಜೆರಾಕ್ಸ್ ಅಂಗಡಿ ಇತ್ತು, ನಾನು ಮೊದಲು ಬಂದದ್ದು ಅಲ್ಲಿದ್ದ ಹುಡುಗಿಗಾಗಿ, ಅದನ್ನು ಇಷ್ಟು ದಿನ ಮುಚ್ಚಿಟ್ಟಿದ್ದೆ, ತಪ್ಪಾಯಿತು ಎಂದರು. ಒಂಬತ್ತು ಸಲದ ಜೆರಾಕ್ಸನ್ನೂ ಹೇಳಿದರು, ಮಾಡಿಗೆ ಹೊದಿಸುವ ಮಾತನ್ನೂ ಹೇಳಿದರು. ಗಂಡಸರ ಕಡೆ ದೊಡ್ಡ ನಗು ಎದ್ದಿತು. ಈಚೆ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಒಬ್ಬಾಕೆ ನನ್ನ ಕೆನ್ನೆ ಚಿವುಟಿದಳು. ನಾನು ತಲೆ ತಗ್ಗಿಸಿಕೊಂಡೆ, ನಾಚಿಕೆಯಿಂದಲ್ಲ, ನಗುತ್ತಿದ್ದುದು ಕಾಣಬಾರದೆಂದು. ವಾಪಸ್ಸು ಬರುವಾಗ ಹೊಸನಗರ ದಾಟುವವರೆಗೂ ನನ್ನ ಕಾಲು ನೆಲದ ಮೇಲಿರಲಿಲ್ಲ. "ಜನಕ್ಕೆ ಭಾಳ ಇಷ್ಟ ಆಯ್ತು" ಎಂದರು ಇವರು. ನನಗೂ ಇಷ್ಟವಾಯಿತೇ ಎಂದು ಕೇಳಲಿಲ್ಲ.

ಜನಕ್ಕೆ ಇಷ್ಟವಾದದ್ದನ್ನು ಇವರು ಬಿಡುವವರಲ್ಲ. ಮುಂದಿನ ಸಲ ಹೊಸನಗರದಲ್ಲಿ ಮತ್ತೆ ಹೇಳಿದರು. ಈ ಸಲ ಅಂಗಡಿಯ ಹುಡುಗಿ ತಲೆ ಎತ್ತಿ ಯಾರನ್ನೂ ನೋಡುತ್ತಿರಲಿಲ್ಲ. ಬಾಂಗ್ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಮಾಜಿಗೆ ಎದ್ದು ಹೋಗುತ್ತಿದ್ದಳು. ನಾನು ಹಾಗೆ ಎದ್ದು ಹೋಗಿದ್ದರೆ ಮಾವ ಸುಮ್ಮನಿರುತ್ತಿದ್ದರಾ? ಸಾಲಿನಲ್ಲಿ ನಿಂತವರು ಬಿಡುತ್ತಿದ್ದರಾ? ಬಿಟ್ಟುಹೋದ ನಮಾಜನ್ನು ಮನೆಗೆ ಹೋಗಿ ಮಾಡುತ್ತಿದ್ದೆ, ಸುಸ್ತಾದ ದಿನ ಅದೂ ಇಲ್ಲ. ಮನೆಗೆ ಬಂದ ಮೇಲೆ, "ಹಂಗೆಲ್ಲಾ ಇರ್ಲಿಲ್ಲ ಅಲ್ವಾ?" ಎಂದೆ. "ಭಾವ ಅದೇ ಅಲ್ವಾ?" ಎಂದರು.

ಮೊನ್ನೆ ಸಾಗರದಲ್ಲಿ ಇವರ ಕಥೆಯ ಆ ಹುಡುಗಿ ಇನ್ನೂ ಬೆಳೆದಿದ್ದಳು. ಬಿಳಿ ದುಪಟ್ಟಾ ಹೊದ್ದಿದ್ದಳು. ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲದವಳು. ಮಾಡಿಗೆ ಹೊದಿಸುವ ಮಾತು ಪೂರಾ ಹೋಗಿತ್ತು. ಅದರ ಬದಲು ಆ ಹುಡುಗಿ ಇವರಿಗೆ, "ಕಾಗದದ ಮೇಲಿನ ಭೂಮಿ ಇವತ್ತು ನಿಮ್ಮದು, ನಾಳೆ ಇನ್ನೊಬ್ಬರದು" ಎಂದು ಮೆಲ್ಲಗೆ ಹೇಳಿದಳು. ಆ ಮಾತಿನಿಂದ ಇವರ ಎದೆ ತೆರೆಯಿತಂತೆ. ಅಂಥ ಮಾತು ನಾನು ಜನ್ಮದಲ್ಲಿ ಆಡಿಲ್ಲ. ಇವರು ಅದನ್ನು ಹೇಳುವಾಗ ಧ್ವನಿ ತುಂಬಿ ಬಂದಿತ್ತು. ನನ್ನ ವಿಷಯಕ್ಕೆ ಈ ಮನುಷ್ಯನ ಧ್ವನಿ ಯಾವತ್ತೂ ಹಾಗೆ ತುಂಬಿದ್ದಿಲ್ಲ. ಅವಳನ್ನು ಎಳೆದು ಸ್ಟೇಜಿನಿಂದ ಕೆಳಗಿಳಿಸಬೇಕು ಅನ್ನಿಸಿತು, ಅಷ್ಟು ಸಿಟ್ಟು ಬಂತು.

ನನ್ನ ಪಕ್ಕ ಹೊನ್ನೆಮರಡು ಕಡೆಯಿಂದ ಬಂದ ಹೆಂಗಸೊಬ್ಬಳು ಕೂತಿದ್ದಳು. ಇವರ ಬಯಾನಿಗೆ ಅವಳು ಬಂದದ್ದು ಇದೇ ಮೊದಲು, ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು, "ಎಷ್ಟ್ ಒಳ್ಳೇ ಹೆಣ್ಣಲ್ವಾ? ಈಗ ಎಲ್ಲಿದಾರಂತೆ?"

"ಗೊತ್ತಿಲ್ಲಕ್ಕಾ," ಎಂದೆ. "ನಾನೂ ಅವಳನ್ನ ನೋಡಿಲ್ಲ."