ಎಡಗಾಲು ಯಾವ ಹೊಲದಲ್ಲಿತ್ತು?

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನಾನು ಸಿಂದಗಿ ಸೀಮೆಯಲ್ಲಿ ಸರ್ಕಾರಿ ಭೂಮಾಪಕನಾಗಿದ್ದೆ. ಹೊಲದ ಗಡಿಯನ್ನು ನಕ್ಷೆಯ ಪ್ರಕಾರ ಅಳೆದು ತೋರಿಸುವ ಕೆಲಸಕ್ಕೆ ನಮ್ಮಲ್ಲಿ ಹದ್ದುಬಸ್ತು ಎನ್ನುತ್ತಾರೆ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಇಂಥ ನೂರಾರು ಗಡಿ ತೋರಿಸಿದ್ದೇನೆ. ಗೇಣು ಬದುವಿಗಾಗಿ ತಲೆ ಒಡೆದುಕೊಂಡ ಅಣ್ಣತಮ್ಮಂದಿರನ್ನೂ ಕಂಡಿದ್ದೇನೆ. ಆದರೆ ಅನ್ನ ಸೇರದಷ್ಟು ಹೇಸಿಗೆ ಹುಟ್ಟಿಸಿದ್ದು ಇದೊಂದೇ ಪ್ರಕರಣ. ಆ ಹೇಸಿಗೆಯಲ್ಲಿ ನನ್ನ ಪಾಲೂ ಇದೆ.

ಯಂಕಂಚಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಹೆಸರು ಬೇಡ. ಶಂಕ್ರೆಪ್ಪ, ಸಿದ್ರಾಮಪ್ಪ ಅಲ್ಲಿ ಅಕ್ಕಪಕ್ಕದ ಹೊಲದವರು, ಗಡಿ ತೋರಿಸಿ ಎಂದು ಅರ್ಜಿ ಕೊಟ್ಟಿದ್ದರು. ದನ ನುಗ್ಗದಿರಲೆಂದು ಅವರ ಅಪ್ಪಂದಿರು ನಡುವೆ ಬೆಳೆಸಿದ ಜಾಲಿಬೇಲಿ ಈಗ ಹದಿನೈದು ಅಡಿ ಅಗಲಕ್ಕೆ ಹಬ್ಬಿತ್ತು. ಬೇಲಿ ಎದ್ದು ಹೊಲ ಮೇಯುವುದನ್ನು ಗಾದೆಯಲ್ಲಿ ಕೇಳಿದ್ದೆ, ಇಲ್ಲಿ ಕಣ್ಣಾರೆ ಕಂಡೆ. ಇಬ್ಬರ ಜೋಳವನ್ನೂ ಅದು ತಿನ್ನುತ್ತಿತ್ತು, ಆದರೂ ಕಡಿಯುವವರಿಲ್ಲ. ಮೊದಲು ಕೊಡಲಿ ಹಾಕಿದವನೇ ಒತ್ತುವರಿ ಮಾಡಿದ ಎಂಬ ಮಾತು ಆ ಊರಲ್ಲಿ ಏಳುತ್ತದೆ.

“ಅಂವ ಕಡೀಲಿ ಮೊದಲ,” ಅಂದ ಶಂಕ್ರೆಪ್ಪ.

“ನಾ ಯಾಕ ಕಡೀಲ್ರಿ ಸಾಹೇಬ್ರ? ನಾಳಿ ಕೋರ್ಟಿಗಿ ಎಳೀತಾನ,” ಅಂದ ಸಿದ್ರಾಮಪ್ಪ.

ಗಡಿಯ ಮೂಲೆಯಲ್ಲಿ ನೆಟ್ಟ ಕಲ್ಲಿಗೆ ಬಾಂದಗಲ್ಲು ಎಂದು ಹೆಸರು. ಅದು ಆ ಮುಳ್ಳಿನ ಹೊಟ್ಟೆಯೊಳಗೆ ಎಲ್ಲೋ ಇತ್ತು. ಬೇಲಿ ಕಡಿಸಿ, ಕಲ್ಲು ಹುಡುಕಿ, ಅಲ್ಲಿಂದ ಅಳೆಯಬೇಕಾದದ್ದು ನನ್ನ ಕೆಲಸ. ನಾನು ಮಾಡಿದ್ದೇನು? ಯುಗಾದಿ ಕಳೆದ ಬಿಸಿಲು, ಹೊತ್ತು ನೆತ್ತಿಗೆ ಬಂದಿತ್ತು. “ಈ ಜಾಲಿ ನಡುವ ಹಿಡದು ಹೋಗತೈತಿ ನೋಡ್ರಿ ಗಡಿ,” ಎಂದು ನಿಂತಲ್ಲಿಂದಲೇ ಕೈ ಚಾಚಿದೆ. ಪಂಚನಾಮೆಯಲ್ಲಿ ‘ಗಡಿ ತೋರಿಸಲಾಯಿತು’ ಎಂದು ಬರೆದೆ. ಶಂಕ್ರೆಪ್ಪನ ಮನೆಯಲ್ಲಿ ರೊಟ್ಟಿ ಉಂಡು, ಸಿದ್ರಾಮಪ್ಪನ ಮನೆಯಲ್ಲಿ ಚಹಾ ಕುಡಿದು, ಇಬ್ಬರ ಸಹಿ ತೆಗೆದುಕೊಂಡು ಬಸ್ಸು ಹತ್ತಿದೆ.

ಏಳು ತಿಂಗಳ ಮೇಲೆ ಇಬ್ಬರೂ ಜೊತೆಯಾಗಿ ಕಚೇರಿಗೆ ಬಂದರು. ರಾಜಿಯಾದರಲ್ಲ ಎಂದು ಖುಷಿಪಟ್ಟು ಕೂರಲು ಹೇಳಿದೆ.

“ಸಾಹೇಬ್ರ, ನೀಲವ್ವಗ ಹಾವು ಕಡದೈತ್ರಿ,” ಅಂದ ಸಿದ್ರಾಮಪ್ಪ. “ಒಲಿಗಿ ಪುಳ್ಳಿ ಆರಿಸಾಕ ಬೇಲ್ಯಾಗ ಹೊಕ್ಕಿದ್ಳು. ಯಾರ ಹೊಲದಾಗ ಕಡದೈತೋ ಅವರೇ ದವಾಖಾನಿ ಖರ್ಚು ನೋಡ್ಕೋಬೇಕಂತ ಹಿರ್ಯಾರು ಹೇಳ್ಯಾರ. ಅಕಿ ನಿಂತಿದ್ದು ಯಾರ ಕಡಿ ಅಂತ ನೀವು ಅಳದು ಹೇಳ್ಬೇಕ್ರಿ.”

ನೀಲವ್ವ ಇಬ್ಬರ ಹೊಲದಲ್ಲೂ ಕಳೆ ತೆಗೆಯುವ ಹೆಣ್ಣುಮಗಳು. ಗಂಡನಿಲ್ಲ, ದುಡಿದರೇ ಒಲೆ ಉರಿಯಬೇಕು. ಹಿಂದೆಮುಂದೆ ನೋಡದೆ ಅವರ ಜೊತೆಗೇ ಹಳ್ಳಿಗೆ ಹೋದೆ. ಆಕೆ ಪಡಸಾಲೆಯಲ್ಲಿ ಎಡಗಾಲು ಚಾಚಿ ಕುಳಿತಿದ್ದಳು. ಮೊದಲ ದಿನ ಊರವರು ಆಸ್ಪತ್ರೆಗೆ ಒಯ್ದು ಜೀವ ಉಳಿಸಿದ್ದರು. ಗಾಯ ತೋರಿಸಲು ಮತ್ತೆ ಬರಬೇಕೆಂದು ಡಾಕ್ಟರು ಹೇಳಿದ್ದರೂ, ಕರೆದೊಯ್ಯಬೇಕಾದವರು ಯಾರೆಂದು ತೀರ್ಮಾನವಾಗದೆ ಹತ್ತು ದಿನ ಕಳೆದಿತ್ತು. ಪಾದ ಕಪ್ಪಾಗಿ ಕೀವು ಸೋರುತ್ತಿತ್ತು. ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಶಂಕ್ರೆಪ್ಪ ಬಾಯಿಗೆ ಟವೆಲ್ ಹಿಡಿದುಕೊಂಡೇ ಕೇಳಿದ: “ಏ ನೀಲವ್ವ, ನಿನ್ನ ಕಾಲು ಯಾವ ಕಡಿ ಇತ್ತು, ಸಾಹೇಬ್ರಿಗಿ ಹೇಳು.”

ಆಕೆ ಅವನ ಕಡೆ ನೋಡಲೂ ಇಲ್ಲ. ನನ್ನನ್ನೇ ನೋಡಿ ಅಂದಳು: “ನನಗ ಹ್ಯಾಂಗ ಗೊತ್ತಾಗಬೇಕ್ರಿ? ಬಾಂದಗಲ್ಲು ಎಲ್ಲೈತಿ ಅನ್ನೂದು ನಿಮಗೇ ಗೊತ್ತಿಲ್ಲ.”

ಕಪಾಳಕ್ಕೆ ಬಾರಿಸಿದಂತಾಯಿತು. ಆವತ್ತು ಬಿಸಿಲಿಗೆ ಹೆದರದೆ ಬೇಲಿ ಕಡಿಸಿದ್ದರೆ ಅಲ್ಲಿ ಹಾವೂ ಇರುತ್ತಿರಲಿಲ್ಲ, ಪುಳ್ಳಿಯೂ ಇರುತ್ತಿರಲಿಲ್ಲ. “ಮೊದಲ ಅಕೀನ್ನ ಗಾಡ್ಯಾಗ ಹಾಕ್ರಿ, ಇಬ್ಬರೂ ಜೋಡಿ ನಡೀರಿ. ಅಲ್ಲೀತನಕಾ ನಾ ಟೇಪ್ ಬಿಚ್ಚಂಗಿಲ್ಲ,” ಎಂದು ಕೂಗಾಡಿದೆ. ವಿಜಯಪುರದ ಆಸ್ಪತ್ರೆಯಲ್ಲಿ ಎಡಗಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳನ್ನು ತೆಗೆದರು. ಒಂದು ವಾರ ಮೊದಲೇ ತಂದಿದ್ದರೆ ಉಳಿಯುತ್ತಿದ್ದವು ಎಂದರು ಡಾಕ್ಟರು.

ಆಮೇಲೆ ನಾನು ಎದುರಿಗೆ ನಿಂತು ಇಬ್ಬರ ಕೈಯಲ್ಲೂ ಕೊಡಲಿ ಹಿಡಿಸಿದೆ. ಮೂರು ದಿನ ಕಡಿದರು. ಮೂರನೆಯ ದಿನ ಮಧ್ಯಾಹ್ನ ಬಾಂದಗಲ್ಲು ಕಂಡಿತು, ಬೇಲಿಯ ನಟ್ಟನಡುವೆ. ಅಲ್ಲಿಂದ ಅಳೆದು ಗಡಿಯುದ್ದಕ್ಕೂ ಹಗ್ಗ ಎಳೆದೆವು. ತುಸು ದೂರದಲ್ಲಿ, ಗಾಬರಿಯಲ್ಲಿ ನೀಲವ್ವ ಬಿಟ್ಟೋಡಿದ ಹವಾಯಿ ಚಪ್ಪಲಿಗಳು ಬಿದ್ದಿದ್ದವು, ಹಗ್ಗದ ಆ ಕಡೆ ಒಂದು, ಈ ಕಡೆ ಒಂದು.

ಇಬ್ಬರೂ ಬಗ್ಗಿ ನೋಡಿದರು. ನನಗೆ ಇನ್ನೂ ಅರ್ಥವಾಗಿರಲಿಲ್ಲ. ಅಷ್ಟರಲ್ಲಿ ಸಿದ್ರಾಮಪ್ಪ ಹುಡುಗರಂತೆ ಚಪ್ಪಾಳೆ ತಟ್ಟಿದ. “ಎಡಗಾಲಿಂದು ಅವನ ಕಡಿ ಐತ್ರಿ! ಹಾವು ಕಡದಿದ್ದು ಎಡಗಾಲಿಗ್ರಿ!”

ಥೂ! ಬಾಯಿ ತುಂಬ ಉಗುಳಿದೆ, ಹಗ್ಗದ ಮೇಲೇ. ಮಾತಾಡಿದರೆ ಬೈಗುಳವೇ ಬರುತ್ತಿತ್ತು.

ಅಲ್ಲೇ ಕೂತು ಹೊಸ ಪಂಚನಾಮೆ ಬರೆದೆ. ‘ಗಡಿಯನ್ನು ಇಂದು ತೋರಿಸಲಾಯಿತು. ಹಿಂದಿನ ಸಲ ತೋರಿಸಿರಲಿಲ್ಲ. ಹಾಗೆ ಬರೆದದ್ದು ನನ್ನ ತಪ್ಪು. ಬೇಲಿ ಇಬ್ಬರದೂ.’ ಊರ ಹಿರಿಯರ ಮುಂದೆ ಗಟ್ಟಿಯಾಗಿ ಓದಿದೆ. ಅವರು ಆಸ್ಪತ್ರೆಯ ಭಾರವನ್ನು ಇಬ್ಬರ ಮೇಲೂ ಹಾಕಿದರು. ನನಗೆ ಮೇಲಿನಿಂದ ನೋಟಿಸು ಬಂತು, ಬರಬೇಕಾದದ್ದೇ.

ಚಪ್ಪಲಿ ತೊಳೆದು ನೀಲವ್ವನ ಮನೆಗೆ ಒಯ್ದೆ. ಬಲಗಾಲಿನದನ್ನು ಮೆಟ್ಟಿಕೊಂಡಳು. ಎಡಗಾಲಿನದನ್ನು ತಿರುಗಿಸಿ ನೋಡಿ ನನ್ನ ಮುಂದೆ ಇಟ್ಟಳು.

“ಚಪ್ಪಲಿ ಪಟ್ಟಿ ಹಿಡ್ಯಾಕ ಹೆಬ್ಬೆರಳ ಬೇಕಲ್ರಿ ಸಾಹೇಬ್ರ. ಇದು ಇನ್ನ ಕಾಲಾಗ ನಿಲ್ಲಂಗಿಲ್ಲ.”

ಉಳಿದ ಸೇವೆಯಲ್ಲಿ, ಬಾಂದಗಲ್ಲಿನ ಮೇಲೆ ನನ್ನ ಕಾಲಿಡದೆ ‘ತೋರಿಸಲಾಯಿತು’ ಎಂದು ಒಮ್ಮೆಯೂ ಬರೆಯಲಿಲ್ಲ. ಮೂರು ದಶಕ ಟೇಪು ಹಿಡಿದೂ ಕಲಿಯದ ಪಾಠ ಅದು. ಕಲಿತದ್ದು ನಾನು, ಬೆರಳು ಕೊಟ್ಟವಳು ನೀಲವ್ವ.