ಜರ್ಸಿಗೆ ಹೆಸರು ಹೊಲಿಯುವ ಖಲೀದಾ

ಮಾರ್ಚ್ ಕೊನೆಯ ವಾರ ಬಂತೆಂದರೆ ಖಲೀದಾಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಶಿಕಾಗೋ ಹತ್ತಿರದ ಲೊಂಬಾರ್ಡಿನ ಒಂದು ಸ್ಟ್ರಿಪ್ ಮಾಲ್‌ನಲ್ಲಿ, ಡೋನಟ್ ಅಂಗಡಿಗೂ ಡ್ರೈ ಕ್ಲೀನರ್‌ಗೂ ನಡುವೆ, ಅವಳ ಹೊಲಿಗೆ ಅಂಗಡಿ. ಪ್ಯಾಂಟಿನ ಕಾಲು ಮಡಿಚುವುದು, ಮದುವೆಯ ಗೌನು ಸಡಿಲ ಮಾಡುವುದು, ಕೋಟಿನ ಜಿಪ್ ಬದಲಿಸುವುದು, ವರ್ಷವಿಡೀ ಇದೇ ಕೆಲಸ. ಆದರೆ ಆ ವಾರ ಮಾತ್ರ ಕೈ ಮಿಶೀನಿನ ಮೇಲಿದ್ದರೂ ಕಿವಿ ಬಾಗಿಲ ಕಡೆಗೇ. ಕರ್ಟಿಸ್ ಬರಬೇಕು. ಅವನ ಜೊತೆ ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳೂ ಒಂದು ಹಾಳೆಯೂ ಬರಬೇಕು.

ಕರ್ಟಿಸ್ ಅಂದರೆ ಹೆರನ್ಸ್ ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುವವನು. ಹೆರನ್ಸ್ ಒಂದು ಮೈನರ್ ಲೀಗ್ ಬೇಸ್‌ಬಾಲ್ ತಂಡ. ಟೀವಿಯಲ್ಲಿ ಕಾಣುವ ದೊಡ್ಡ ತಂಡಗಳಿಗೆ ಆಟಗಾರರನ್ನು ಬೆಳೆಸಿಕೊಡುವ ಸಸಿಮಡಿ. ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗರು ಬರುತ್ತಾರೆ, ಚೆನ್ನಾಗಿ ಆಡಿದವರು ಮೇಲಿನ ತಂಡಕ್ಕೆ ಹೋಗುತ್ತಾರೆ, ಆಡದವರು ಮನೆಗೆ. ಹೀಗೆ ಬಂದು ಹೋಗುವವರು ಅಂತಲೇ ಬೇರೆ ತಂಡಗಳು ಬೆನ್ನಿಗೆ ಬರೀ ನಂಬರು ಹಾಕಿ ಮುಗಿಸುತ್ತಿದ್ದವು. ಹೆರನ್ಸ್ ಮಾಲೀಕನಿಗೆ ಹೆಸರೂ ಬೇಕಿತ್ತು. ಆ ಹೆಸರುಗಳನ್ನು ಹೊಲಿಯುವ ಕೆಲಸ 1998ರಿಂದ ಖಲೀದಾಳದ್ದು.

ಮೊದಲ ವರ್ಷ ಕರ್ಟಿಸ್ ಎರಡು ಟಿಕೆಟ್ ಕೊಟ್ಟು ಹೋದಾಗ ಅವಳು ಹೋಗಿದ್ದು ಆಟ ನೋಡಲಿಕ್ಕಲ್ಲ, ಹೊಲಿಗೆ ಓಡಿದರೆ ಬಿಚ್ಚುತ್ತದೋ ಏನೋ ನೋಡಿಬರಲಿಕ್ಕೆ. ಗದಗಿನ ಟೇಲರ್ ಮನೆತನದ ಹೆಣ್ಣುಮಗಳು. ಅಪ್ಪ ತಾನು ಹೊಲಿದ ಶರ್ಟು ದಾರಿಯಲ್ಲಿ ಕಂಡರೆ ನಿಂತು ಕಾಲರ್ ನೋಡುತ್ತಿದ್ದದ್ದನ್ನು ಬಾಲ್ಯದಿಂದ ಕಂಡವಳು. ಎರಡನೇ ಸಲ ಹೋದಾಗ ಕಾಲ ಬಳಿ ಬಂದು ಬಿದ್ದ ಚೆಂಡನ್ನು ಹೊಲಿದ ರೀತಿ ನೋಡಿ ಬೆರಗಾದಳು. ಮನೆಗೆ ತಂದು ಎಣಿಸಿದಳು, ನೂರಾಎಂಟು ಹೊಲಿಗೆ. ಪಕ್ಕದ ಅಪಾರ್ಟ್‌ಮೆಂಟಿನ ಶುಭಾ ಅದನ್ನು ಕೇಳಿ, "ಅಷ್ಟೋತ್ತರ ಆಯ್ತಲ್ರೀ!" ಎಂದು ನಕ್ಕಿದ್ದಳು. ಮೂರನೇ ಸಲದಿಂದ ಆಟವೇ ಹಿಡಿದುಕೊಂಡಿತು. ಆಮೇಲೆ ಬೇಸಿಗೆಯ ಶನಿವಾರಗಳಲ್ಲಿ ಅಂಗಡಿ ಮಧ್ಯಾಹ್ನ ಹನ್ನೆರಡಕ್ಕೇ ಮುಚ್ಚುತ್ತಿತ್ತು.

2002ರ ಆ ಮಾರ್ಚಿನಲ್ಲಿ ಅವಳ ಚಡಪಡಿಕೆಗೆ ಎರಡು ಕಾರಣ ಕೂಡಿದ್ದವು. ಹತ್ತಿರದ ಇಟಾಸ್ಕಾದಲ್ಲಿದ್ದ ಗಂಡ ನಜೀಬನ ಆಫೀಸು ಜನವರಿಯಲ್ಲಿ ಬಾಗಿಲು ಹಾಕಿತ್ತು. ಅವನ ತಮ್ಮ ತಾರಿಕ್ ಮಿಶಿಗನ್ನಿನ ಕ್ಯಾಂಟನ್ನಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿದ್ದ, ಅಲ್ಲೇ ಅಣ್ಣನಿಗೂ ಕೆಲಸ ನೋಡಿದ್ದ. ಮೇ ಮೊದಲ ವಾರ ಸೇರಬೇಕು. ಖಲೀದಾ ಸೆಪ್ಟೆಂಬರ್ ಅನ್ನುತ್ತಿದ್ದಳು. ಸೆಪ್ಟೆಂಬರಿಗೆ ಸೀಸನ್ ಮುಗಿಯುತ್ತದೆ ಅನ್ನುವುದನ್ನು ಬಾಯಿಬಿಟ್ಟು ಹೇಳದೆ, ಮಗಳ ಶಾಲೆ, ಅಂಗಡಿಯ ಲೀಸು ಅಂತ ಬೇರೆ ಬೇರೆ ನೆಪ ಹೇಳುತ್ತಿದ್ದಳು. ಹನ್ನೆರಡರ ನಬೀಲಾ ಅಂತೂ, "ಐ ಆಮ್ ನಾಟ್ ಮೂವಿಂಗ್," ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಎರಡನೆಯ ಕಾರಣದ ಹೆಸರು ಅನ್ಸೆಲ್ಮೊ ತಾವೆರಾ. ಎಡಗೈ ಬೌಲರ್, ಬೇಸ್‌ಬಾಲಿನವರ ಮಾತಿನಲ್ಲಿ ಪಿಚರ್. ಡೊಮಿನಿಕನ್ ದೇಶದವನು, ಇಪ್ಪತ್ಮೂರು ವರ್ಷ. ಹೆರನ್ಸ್‌ನಲ್ಲಿ ಎರಡು ವರ್ಷ ಆಡಿದ್ದ. ತಂಡದ ಹುಡುಗರನ್ನು ಸುತ್ತಲ ಊರುಗಳ ಮನೆಗಳಲ್ಲಿ ಇಳಿಸುತ್ತಿದ್ದರು; ಅವನು ಇದ್ದ ಮನೆ ಅಂಗಡಿಯಿಂದ ಎರಡು ಬೀದಿ ಆಚೆ. ಒಮ್ಮೆ ಗ್ಲೋವಿನ ಚರ್ಮದ ದಾರ ಕಿತ್ತುಹೋಗಿದೆ ಎಂದು ಬಂದವನು ಅವಳಿಂದ ದಬ್ಬಳ ಇಸಿದುಕೊಂಡು ತಾನೇ ಕೂತು ಹೊಲಿದ. ಅವನ ತಾಯಿ ಶಾಲೆಯ ಯೂನಿಫಾರ್ಮ್ ಹೊಲಿಯುವವಳಂತೆ. ಅಲ್ಲಿಂದ ವಾರಕ್ಕೊಮ್ಮೆಯಾದರೂ ಬಂದು, "ಸೆನ್ಯೋರಾ" ಅಂದರೆ ಅಮ್ಮಾವ್ರೇ ಎಂದು ಕೂಗಿ, ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದ. ಇಬ್ಬರಿಗೂ ಇಂಗ್ಲಿಷು ಅಷ್ಟಕ್ಕಷ್ಟೇ. ಅದರಿಂದಲೇ ಮಾತು ಸಲೀಸಾಗಿ ನಡೆಯುತ್ತಿತ್ತು.

ಈ ವರ್ಷ ಅವನು ಬರಬೇಕೋ ಬೇಡವೋ, ಯಾವುದಕ್ಕೆ ಹಾರೈಸಬೇಕು ಎಂಬುದೇ ಅವಳಿಗೆ ತಿಳಿಯದು. ಬಂದರೆ ನೋಡಬಹುದು. ಆದರೆ ಮೂರನೇ ವರ್ಷವೂ ಅದೇ ತಂಡಕ್ಕೆ ಬಂದನೆಂದರೆ ಮೇಲೆ ಹತ್ತಲಿಲ್ಲ ಎಂದೇ ಅರ್ಥ. ಮೇಲೆ ಹೋದನೆಂದರೆ ಸಂತೋಷ, ಆದರೆ ಮತ್ತೆ ಕಣ್ಣಿಗೆ ಬೀಳುವುದಿಲ್ಲ.

ಬುಧವಾರ ಕರ್ಟಿಸ್ ಬಂದ. ಅವಳು ಪೆಟ್ಟಿಗೆ ಮುಟ್ಟದೆ ಮೊದಲು ಹಾಳೆ ಕೈಗೆ ತೆಗೆದುಕೊಂಡಳು. ತಾವೆರಾ ಇರಲಿಲ್ಲ. ಅವನ ಮೂವತ್ನಾಲ್ಕನೇ ನಂಬರಿನ ಎದುರು 'ಹೋಲ್ಟ್' ಎಂದಿತ್ತು.

"ಮೇಲೆ ಹೋದನಾ?" ಅವಳು ಕೇಳಿದಳು.

ಕರ್ಟಿಸ್ ತಲೆ ಕೆರೆದುಕೊಂಡ. "ಇಲ್ಲ. ಅರಿಜೋನಾದ ತರಬೇತಿಯಲ್ಲೇ ತಂಡದಿಂದ ಬಿಟ್ಟುಬಿಟ್ಟರು, ಮೊನ್ನೆ ಸೋಮವಾರ."

ಅವನು ಹೋದ ಮೇಲೆ ಖಲೀದಾ ಮೂವತ್ನಾಲ್ಕರ ಜರ್ಸಿಯನ್ನು ಎಲ್ಲಕ್ಕಿಂತ ಕೆಳಗೆ ಹಾಕಿದಳು. ಬೇರೆಲ್ಲ ಹೆಸರು ಹೊಲಿದಳು. ಮಾರನೆಯ ದಿನ ಅದೊಂದೇ ಉಳಿದಾಗ ಅದನ್ನೂ ಮಿಶೀನಿಗೆ ಕೊಟ್ಟಳು. ಇಂಗ್ಲಿಷಿನ ನಾಲ್ಕೇ ಅಕ್ಷರ, ಎರಡು ಸಲ ವಾರೆಯಾಗಿ ಬಿಚ್ಚಬೇಕಾಯಿತು.

ಮುಂದಿನ ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಬಾಗಿಲ ಗಂಟೆ ಅಲುಗಿತು. ತಾವೆರಾ ನಿಂತಿದ್ದ. ಊರಿಗೆ ಹೋಗುವ ವಿಮಾನವನ್ನು ಶಿಕಾಗೋ ಮೇಲೆ ಹಾಕಿಸಿಕೊಂಡಿದ್ದನಂತೆ. ಹೋದ ವರ್ಷ ಬಿಟ್ಟುಹೋದ ಸಾಮಾನು ಅವನು ಇಳಿದಿದ್ದ ಮನೆಯಲ್ಲಿತ್ತು. ಭಾನುವಾರ ಹೊರಡಬೇಕು. ಅವನು ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತುಕೊಂಡೇ ಕೇಳಿದ:

"ಸೆನ್ಯೋರಾ, ಇಲ್ಲಿ ಕೆಲಸ ಇದೆಯಾ? ನನಗೆ ಹೊಲಿಗೆ ಬರುತ್ತದೆ. ನಿಮಗೆ ಗೊತ್ತು."

ಖಲೀದಾ ಮಿಶೀನು ನಿಲ್ಲಿಸಿದಳು. "ಮನಿಯಾಗ ಕೇಳಿ ಹೇಳತೀನಿ," ಎಂದು ಕನ್ನಡದಲ್ಲೇ ಶುರುಮಾಡಿ, ನಾಚಿಕೆಯಾಗಿ, ಇಂಗ್ಲಿಷಿನಲ್ಲಿ ಮತ್ತೆ ಹೇಳಿದಳು.

ಸಂಜೆ ನಜೀಬ್ ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಅವಳು ವಿಷಯ ಹೇಳುತ್ತಲೇ ಅವನು ತಲೆ ಆಡಿಸಿದ. "ಆಗಲ್ಲ ಕಣೆ. ಅವನ ವೀಸಾ ಟೀಮಿನ ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋಯ್ತು ಅಂದ್ರೆ ವೀಸಾನೂ ಹೋಯ್ತು. ಗ್ರೀನ್ ಕಾರ್ಡ್ ಬರೋ ಮುಂಚೆ ನಾವೂ ಹಂಗೇ ತಾನೇ ಇದ್ದಿದ್ದು?"

"ಗೊತ್ತೈತ್ರಿ," ಎಂದಳು ಅವಳು. "ನಿಮ್ಮ ಬಾಯಿಂದ ಕೇಳಬೇಕಿತ್ತು."

"ತಾರಿಕ್ ಮತ್ತೆ ಫೋನ್ ಮಾಡಿದ್ದ. ಸೋಮವಾರದೊಳಗೆ ಹೂಂ ಅನ್ನಬೇಕಂತೆ."

ಅವಳು ಪಾತ್ರೆ ತೊಳೆಯುವ ನಲ್ಲಿ ಜೋರು ಮಾಡಿದಳು.

ಶುಕ್ರವಾರ ತಾವೆರಾನಿಗೆ ಇಲ್ಲವೆಂದಳು. ಅವನಿಗೂ ಅದು ಗೊತ್ತಿದ್ದಂತೆಯೇ ಇತ್ತು. ಮಾತು ಮುಗಿದಮೇಲೂ ಅವನು ಹೋಗದೆ ಮೇಜಿನ ಮೇಲಿನ ದಾರದುಂಡೆಗಳನ್ನು ಬಣ್ಣವಾರು ಜೋಡಿಸುತ್ತ ನಿಂತಿದ್ದ. ಆಗ ಅವಳ ಬಾಯಿಂದ ತಾನಾಗಿಯೇ ಬಂತು: "ನಾಳೆ ಮೊದಲ ಆಟ. ನನ್ನ ಹತ್ತಿರ ಎರಡು ಟಿಕೆಟ್ ಇವೆ." ಹೇಳಿದ ಮೇಲೆ, ಅಯ್ಯೋ, ಗಾಯದ ಮೇಲೆ ಕೈಯಿಟ್ಟೆನಲ್ಲ ಎನಿಸಿತು. ಅವನು ಕೈಯಲ್ಲಿದ್ದ ದಾರದುಂಡೆಯನ್ನು ಅದರ ಸಾಲಿಗೆ ಸೇರಿಸಿ, "ಎಷ್ಟು ಗಂಟೆಗೆ?" ಎಂದ.

ಶನಿವಾರ ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ, ಮೇಲೆ ಗಾಳಿ. ಅವಳು ಡ್ರೈವ್ ಮಾಡಿದಳು, ಇಪ್ಪತ್ತು ಮೈಲಿ. ಅವನು ಕಿಟಕಿಯ ಹೊರಗೇ ನೋಡುತ್ತಿದ್ದ. ಗೇಟಿನಲ್ಲಿ ಈ ವರ್ಷ ಹೊಸ ಕಾವಲಿನವನಿದ್ದ. ಹೋದ ಸೆಪ್ಟೆಂಬರಿನಲ್ಲಿ ಅವಳಿ ಗೋಪುರಗಳು ಉರುಳಿದ ನಂತರ ಎಲ್ಲ ಕಡೆಯೂ ಚೀಲ ತೆಗೆಸಿ ನೋಡುತ್ತಿದ್ದರು, ತಲೆವಸ್ತ್ರದವಳ ಚೀಲವನ್ನು ಎರಡೆರಡು ಸಲ. ಅವಳ ಚೀಲದಲ್ಲಿ ಯಾವತ್ತಿನಂತೆ ಸಣ್ಣ ಕತ್ತರಿ ಇತ್ತು. ಮರೆತಿದ್ದಳು. ಕಾವಲಿನವನು ಅದನ್ನು ಎತ್ತಿ ಹಿಡಿದು, ಅವಳನ್ನೂ ಕತ್ತರಿಯನ್ನೂ ನೋಡಿ, ಪಕ್ಕಕ್ಕೆ ನಿಲ್ಲಲು ಹೇಳಿದ. ಸಾಲಿನಲ್ಲಿದ್ದ ಜನ ಇಣುಕಿ ನೋಡಿದರು. ನಾಲ್ಕು ವರ್ಷದಿಂದ ಇದೇ ಗೇಟಿನಲ್ಲಿ ಬಂದವಳು, ತಾನು ಟೇಲರ್ ಎಂದು ಹೇಳುವುದನ್ನೂ ಮರೆತು ಪಕ್ಕಕ್ಕೆ ಸರಿದು ನಿಂತಳು.

ತಾವೆರಾ ಹಿಂದಿನಿಂದ ಮುಂದೆ ಬಂದ. "ಶಿ ಈಸ್ ವಿತ್ ದ ಟೀಮ್," ಎಂದ.

ದೂರದಲ್ಲಿದ್ದ ಹಳೇ ಗೇಟಿನವನು ಅವನ ಗುರುತು ಹಿಡಿದು, "ಅನ್ಸೆಲ್ಮೊ!" ಎಂದು ಓಡಿಬಂದು ಕೈಕುಲುಕಿ, ಇಬ್ಬರನ್ನೂ ಒಳಗೆ ಬಿಟ್ಟ. ಕತ್ತರಿ ಮಾತ್ರ ಅಲ್ಲೇ ಉಳಿಯಿತು. ಟೀಮಿನಲ್ಲಿ ಇಲ್ಲದವನು ತನ್ನನ್ನು ಟೀಮಿನವಳು ಎಂದನಲ್ಲ ಎಂಬುದು ಕುರ್ಚಿಯಲ್ಲಿ ಕೂತಮೇಲೆ ಅವಳಿಗೆ ಹೊಳೆಯಿತು. ಫ್ಲಾಸ್ಕಿನ ಚಹಾ ಸುರಿದುಕೊಟ್ಟಳು.

ಹೋಲ್ಟ್ ಎಂಬ ಹುಡುಗ ಚೆಂಡೆಸೆಯಲು ಬಂದು ಬೆನ್ನು ತಿರುಗಿಸಿ ನಿಂತ. ತಾವೆರಾ ಕಣ್ಣು ಕಿರಿದು ಮಾಡಿ ನೋಡಿದ. ಖಲೀದಾ ತಲೆ ತಗ್ಗಿಸಿದಳು.

"ಅಕ್ಷರ ನೇರವಾಗಿ ಕೂತಿದೆ," ಎಂದ ಅವನು.

ಆಮೇಲೆ ಅವನಿಗೆ ಸುಮ್ಮನಿರಲಾಗಲಿಲ್ಲ. "ಈಗ ಒಳಕ್ಕೆ ಹಾಕುತ್ತಾನೆ," ಎನ್ನುತ್ತಿದ್ದ, ಚೆಂಡು ಒಳಕ್ಕೆ ಬರುತ್ತಿತ್ತು. "ಈಗ ನಿಧಾನದ್ದು." ನಿಧಾನದ್ದೇ ಬರುತ್ತಿತ್ತು. ಹುಡುಗ ಭುಜ ಇಳಿಸಿದರೆ ಏನು, ಗ್ಲೋವನ್ನು ಎದೆಗೆ ಒತ್ತಿಕೊಂಡರೆ ಏನು, ಎಲ್ಲ ತೋರಿಸಿಕೊಟ್ಟ. ನಾಲ್ಕು ವರ್ಷ ಆಟವನ್ನು ಉಡುಪಿನ ಹೊರಗಿನಿಂದ ನೋಡಿದ್ದವಳಿಗೆ ಅವತ್ತು ಒಳಗಿನ ಅಸ್ತರಿ ಕಂಡಂತಾಯಿತು. ಐದನೇ ಇನ್ನಿಂಗ್ಸಿನಲ್ಲಿ ಹೋಲ್ಟ್ ಹೊಡೆಸಿಕೊಳ್ಳತೊಡಗಿದಾಗ ತಾವೆರಾ ಮುಂದಿನ ಕುರ್ಚಿಯ ಬೆನ್ನು ಹಿಡಿದು, ಸ್ಪ್ಯಾನಿಶ್‌ನಲ್ಲಿ ಏನೋ ಗೊಣಗುತ್ತ, ಎಡಗೈ ಬೆರಳುಗಳನ್ನು ಇಲ್ಲದ ಚೆಂಡಿನ ಸುತ್ತ ಮಡಿಚುತ್ತಿದ್ದ. ಅದನ್ನು ನೋಡಲಾರದೆ ಅವಳು ಕೇಳಿಯೇಬಿಟ್ಟಳು.

"ಅವರು ಬಿಟ್ಟೆವು ಅಂದಾಗ ನೀನು ಏನಂದೆ?"

"ಇನ್ನೊಂದು ದಿನ ಇರುತ್ತೇನೆ ಅಂದೆ. ಇರು ಅಂದರು." ಅವನು ಮೈದಾನದ ಕಡೆಯೇ ನೋಡುತ್ತಿದ್ದ. "ಕೆಟ್ಟದ್ದು ಆ ದಿನ, ಸೆನ್ಯೋರಾ. ಬಿಟ್ಟ ದಿನ ಅಲ್ಲ. ಎಲ್ಲರೂ ಆಡುತ್ತಿದ್ದರು, ನಾನು ಬೂಟು ಹಾಕಿಕೊಂಡು ಕೂತಿದ್ದೆ. ಕೇಳಬಾರದಿತ್ತು."

ಏಳನೇ ಇನ್ನಿಂಗ್ಸಿನ ನಡುವೆ, ಬೇಸ್‌ಬಾಲಿನ ರೂಢಿಯಂತೆ, ಎಲ್ಲರೂ ಎದ್ದು ಹಾಡುವ ಹೊತ್ತಿಗೆ ಅವನೂ ಎದ್ದ, ಆದರೆ ಕೂರಲಿಲ್ಲ. ತಾನು ಇಳಿದುಕೊಂಡ ಮನೆಯವರು ಗೇಟಿಗೆ ಕಾರು ತರುತ್ತಾರೆ ಎಂದ. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಮೆಟ್ಟಿಲು ಹತ್ತಿಕೊಂಡು ಹೋದ. ತಿರುಗಿ ನೋಡಲಿಲ್ಲ.

ಖಲೀದಾ ಆಟ ಮುಗಿಯುವವರೆಗೆ ಕೂತಳು. ಹೆರನ್ಸ್ ಎರಡು ರನ್ನಿನಿಂದ ಸೋತರು. ಜನ ಖಾಲಿಯಾದ ಮೇಲೂ ಐದು ನಿಮಿಷ ಕೂತಿದ್ದು, ಹುಲ್ಲಿಗೆ ನೀರು ಬಿಡುವವನನ್ನು ನೋಡಿ, ಕಾರಿಗೆ ನಡೆದಳು.

ಮನೆಯಲ್ಲಿ ನಜೀಬ್ ಈರುಳ್ಳಿ ಹೆಚ್ಚುತ್ತಿದ್ದ. ಅವಳು ಕೋಟು ಬಿಚ್ಚದೆಯೇ ಹೇಳಿದಳು, "ತಾರಿಕ್‌ಗೆ ಫೋನ್ ಹಚ್ಚರಿ. ಹೂಂ ಅನ್ರಿ."

ಅವನು ಚಾಕು ಕೆಳಗಿಟ್ಟ. "ಸೆಪ್ಟೆಂಬರ್ ಅಂತಿದ್ಯಲ್ಲ?"

"ಸೆಪ್ಟೆಂಬರ್ ತನಕಾ ಬೂಟು ಹಾಕ್ಕೊಂಡು ಕೂಡೂದು ಬ್ಯಾಡ."

ಅವನಿಗೆ ಅರ್ಥವಾಗಲಿಲ್ಲ. ಆದರೂ ಫೋನಿನ ಕಡೆ ಹೋದ. ಒಳಗೆ ನಬೀಲಾಳ ಕೋಣೆಯ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಅವಳನ್ನು ಸಮಾಧಾನ ಮಾಡಲು ಮೂರು ವಾರ ಹಿಡಿಯಿತು.

ನಜೀಬ್ ಮೇ ತಿಂಗಳಲ್ಲಿ ಹೋದ, ಶಾಲೆ ಮುಗಿಸಿ ತಾಯಿ ಮಗಳು ಜೂನಿನಲ್ಲಿ. ಅಂಗಡಿಯನ್ನು ಒಬ್ಬ ಕೊರಿಯನ್ ಹೆಂಗಸು ವಹಿಸಿಕೊಂಡಳು, ಜರ್ಸಿಗಳ ಸಮೇತ. ತಾವೆರಾನಿಂದ ಒಂದು ಕ್ರಿಸ್‌ಮಸ್ ಕಾರ್ಡು ಬಂತು: ಊರಿನಲ್ಲಿ ಮಕ್ಕಳಿಗೆ ಚೆಂಡೆಸೆಯುವುದನ್ನು ಕಲಿಸುತ್ತಿದ್ದೇನೆ, ಭುಜ ನೋಯುತ್ತದೆ, ಅಮ್ಮನ ಮಿಶೀನು ರಿಪೇರಿ ಮಾಡಿದೆ. ಅವಳು ಉತ್ತರ ಬರೆದಳು, ಅದು ತಲುಪಿತೋ ಇಲ್ಲವೋ, ಮತ್ತೆ ಕಾಗದ ಬರಲಿಲ್ಲ.

ಕ್ಯಾಂಟನ್ನಿನ ಮನೆಯ ಬೇಸ್‌ಮೆಂಟಿನಲ್ಲಿ ಖಲೀದಾ ಮಿಶೀನು ಹೂಡಿದಳು. ಬಡಾವಣೆಯ ಹೆಂಗಸರು ಬ್ಲೌಸು, ಸಲ್ವಾರು ತರುತ್ತಿದ್ದರು. ಕೆಲಸಕ್ಕೆ ಕೊರತೆಯಿರಲಿಲ್ಲ. ಆದರೂ ಮುಂದಿನ ಮಾರ್ಚ್ ಬಂದಾಗ ಅವಳು ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿಳಿದಳು, ಸುಮ್ಮನೆ ಡ್ರೈವ್‌ವೇಗೆ ಹೋಗಿ ನಿಂತು ಬಂದಳು. ನಜೀಬ್ ಎರಡು ವಾರ ನೋಡಿ, ಆಮೇಲೆ ಏಪ್ರಿಲಿನ ಒಂದು ಶನಿವಾರ ಎಲ್ಲರನ್ನೂ ಕಾರಿಗೆ ಹತ್ತಿಸಿದ. ಅರವತ್ತು ಮೈಲಿ ಆಚೆ ಲ್ಯಾನ್ಸಿಂಗಿನಲ್ಲಿ ಅಲ್ಲಿನ ತಂಡಕ್ಕೂ ಇಲಿನಾಯ್‌ನಿಂದ ಬಂದ ಹೆರನ್ಸ್‌ಗೂ ಆಟ.

ಬೇಸ್‌ಬಾಲ್ ಅಂದರೆ ಮೊದಲಿಂದಲೂ ಆಕಳಿಸುತ್ತಿದ್ದ ಮನುಷ್ಯ, ಕುರ್ಚಿಯಲ್ಲಿ ಕೂತು, ಎರಡೂ ಕಡೆಯ ಹುಡುಗರು ಸಾಲಾಗಿ ನಿಂತದ್ದನ್ನು ನೋಡಿ, ಹೆಂಡತಿಯ ಕಡೆ ವಾಲಿದ.

"ಯಾರು ಗೆಲ್ಲಬೇಕು ನಮಗೆ?"

ಹೆರನ್ಸ್ ಸಾಲಿನಲ್ಲಿ ಅವಳಿಗೆ ಗೊತ್ತಿದ್ದವರು ಇಬ್ಬರೇ. ಈ ಕಡೆ ಒಬ್ಬರೂ ಇಲ್ಲ. ಅವಳು ಬಹಳ ಹೊತ್ತು ನೋಡಿದಳು.

"ತಡೀರಿ," ಎಂದಳು. "ಇನ್ನೂ ಗೊತ್ತಾಗವಲ್ದು."

ನಬೀಲಾ ಅಮ್ಮನ ಫ್ಲಾಸ್ಕಿಗೆ ಕೈ ಚಾಚಿದಳು. ಮೊದಲ ಚೆಂಡು ಬಂತು.