ಚಿಲ್ಲರೆಯ ಧೈರ್ಯ

ನನ್ನದು ಬಟ್ಟೆ ಅಂಗಡಿ. ಬಟ್ಟೆಯಾಗಿದ್ದರೆ ನನ್ನ ಈ ಗೆಳೆಯನನ್ನು ನಾನು ತುಂಡು ಮಾಲಿನ ರಾಶಿಗೆ ಹಾಕುತ್ತಿದ್ದೆ: ಅಗಲ ಕಡಿಮೆ, ಬಣ್ಣ ಮಾಸಿದೆ, ಆದರೆ ಎಷ್ಟು ಎಳೆದರೂ ಹರಿಯದ ನೂಲು. ಈತನ ಕಸುಬು ಗಡಿಯಾರ ರಿಪೇರಿ. ಭಾನುವಾರದ ಪೋಕರ್ ಪಂದ್ಯದಲ್ಲಿ ಉಳಿದವರ ಮುಂದೆ ಪಣದ ಬಿಲ್ಲೆಗಳ ಗೋಪುರವಿದ್ದರೆ ಈತನ ಮುಂದೆ ಏಳೆಂಟು ಬಿಲ್ಲೆ. ಅದಕ್ಕೇ ಅಡ್ಡಹೆಸರು ಚಿಲ್ಲರೆ. ಮಲಗಿದ ಮಗುವಿನ ಹೊದಿಕೆ ಸರಿಸುವಂತೆ ಇಸ್ಪೀಟು ಎಲೆಯ ಅಂಚಷ್ಟೇ ಎತ್ತಿ ಇಣುಕುತ್ತಾನೆ, ಕೆಳಗಿಡುತ್ತಾನೆ, ಚಹಾ ಹೀರುತ್ತಾನೆ. “ಇನ್ನೂ ಇದ್ದೀಯೇನೋ?” ಎಂದು ನಾವು ಕೆಣಕಿದರೆ, “ಇದೀನಲ್ಲ, ಅದೇ ಆಟ” ಎನ್ನುತ್ತಾನೆ. ಸುತ್ತು ಸುತ್ತಿಗೂ ಕಡ್ಡಾಯದ ಬಿಲ್ಲೆ ಕಟ್ಟಿ ಕಟ್ಟಿ ಉಳಿದದ್ದೂ ಕರಗತೊಡಗಿದಾಗ, ಸಾಧಾರಣ ಎಲೆಗೇ ಇದ್ದ ಬಿಲ್ಲೆಯೆಲ್ಲವನ್ನೂ ಪಣಕ್ಕೆ ತಳ್ಳಿ ಕೈಕಟ್ಟಿ ಕೂರುತ್ತಾನೆ. “ರಾಜ ರಾಣಿ ಬರ್ಲಿ ಅಂತ ಕೂತ್ರೆ ಕಾಯೋದ್ರಲ್ಲೇ ಮುಗಿದೋಗ್ತೀವಿ ಸಾಹುಕಾರ್ರೇ. ಎದುರಿನವನು ಹೆದರೋವಷ್ಟಾದ್ರೂ ಬಿಲ್ಲೆ ಇರೋವಾಗ್ಲೇ ತಳ್ಬೇಕು.” ಅರ್ಧದಷ್ಟು ಸಲ ಸೋತು, ಕೊಡೆ ಎತ್ತಿಕೊಂಡು ನಗುತ್ತಲೇ ಮನೆಗೆ ಹೋಗುತ್ತಾನೆ. ನನ್ನ ಹೆಂಡತಿಯ ಹೃದಯಕ್ಕೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದಾಗ, ಸ್ವಲ್ಪ ಚೇತರಿಸಿಕೊಳ್ಳಲಿ ಎಂದು ನಾನು ಮುಂದೂಡುತ್ತಲೇ ಇದ್ದೆ. ಅವಳು ದಿನದಿನಕ್ಕೆ ಸೊರಗುತ್ತಿದ್ದಳು. ಒಂದು ಭಾನುವಾರ ಈತ ಆಟದ ನಡುವೆಯೇ ಎದ್ದು ನನ್ನನ್ನು ವರಾಂಡಕ್ಕೆ ಕರೆದೊಯ್ದ. “ನಮ್ಮನೆಯವಳ ವಿಷಯದಲ್ಲಿ ನಾನು ಒಳ್ಳೇ ದಿನಕ್ಕೆ ಕಾದೆ, ಅವಳನ್ನ ಕಳ್ಕೊಂಡೆ,” ಎಂದ. “ನೀವು ಕಾಯ್ಬೇಡಿ. ಅತ್ತಿಗೆಗೆ ಇನ್ನೂ ಶಕ್ತಿ ಇದೆ.” ಮರುದಿನವೇ ಅವಳನ್ನು ಆಸ್ಪತ್ರೆಗೆ ಸೇರಿಸಿದೆ. ಈಗ ಅವಳು ಅಂಗಡಿಯ ಮೆಟ್ಟಿಲು ತಾನೇ ಹತ್ತಿ ಬಂದು, ಗಿರಾಕಿಗಳ ಮುಂದೆಯೇ ನನ್ನನ್ನು ಬೈಯುತ್ತಾಳೆ. ಆ ಬೈಗುಳಕ್ಕೆ ನಾನು ಈತನಿಗೆ ಋಣಿ.